ಹೊಲದ ಇಲಿಗಳ ಅಸಲು ಮತ್ತು ಬಡ್ಡಿ



ಮಡಕಶಿರಾ, ರಾಯದುರ್ಗದ ಕಡೆಯ ನಮಗೆಲ್ಲ ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು ಮಾತು. ಮನೆಯಲ್ಲಿ ಹೆಗ್ಗಣ ಎನ್ನುತ್ತೇವೆ. ಸಂತೆಯಲ್ಲಿ ಅದೇ ಪ್ರಾಣಿ ಪಂದಿಕೊಕ್ಕು. ತೆಲುಗಿನ ಪಂದಿ ಎಂದರೆ ನಮ್ಮ ಹಂದಿ. ಹಳಗನ್ನಡದಲ್ಲಿ ನಾವೂ ಪಂದಿ ಎಂದೇ ಹೇಳುತ್ತಿದ್ದೆವು. ಇಂಗ್ಲಿಷಿನವರು ಈ ಪಂದಿಕೊಕ್ಕನ್ನೇ ತಿರುಚಿ ಬ್ಯಾಂಡಿಕೂಟ್ ಮಾಡಿಕೊಂಡರು. ಹೀಗೆ ನಮ್ಮ ಹೊಲದ ಬದುವಿನ ಕಳ್ಳನ ಹೆಸರು ಪ್ರಪಂಚವನ್ನೇ ಸುತ್ತಿತು. ಈ ಕಳ್ಳನ ಮತ್ತು ಅವನ ಬಂಧುಬಳಗದ ಸ್ವಭಾವ ತಿಳಿದಿದ್ದರೆ ಕಡಲೆಕಾಯಿ ಬೆಳೆಯನ್ನು ಸ್ವಲ್ಪವಾದರೂ ಉಳಿಸಿಕೊಳ್ಳಬಹುದು.

ಮೊದಲು ಹಲ್ಲಿನ ವಿಷಯ. ಇಲಿ, ಹೆಗ್ಗಣ, ಅಳಿಲು, ಮುಳ್ಳುಹಂದಿ ಇವೆಲ್ಲ ದಂಶಕಗಳೆಂಬ ಒಂದೇ ಗುಂಪಿಗೆ ಸೇರಿದವು. ಇವುಗಳಿಗೆ ಮೇಲೆ ಎರಡು, ಕೆಳಗೆ ಎರಡು ಬಾಚಿಹಲ್ಲುಗಳು. ಅವು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತವೆ. ಹಲ್ಲಿನ ಮುಂಭಾಗ ಗಟ್ಟಿ, ಹಿಂಭಾಗ ಮೆದು. ಕಡಿದಂತೆಲ್ಲ ಹಿಂಭಾಗ ಬೇಗ ಸವೆದು ಮುಂಭಾಗ ಉಳಿಯ ಹಾಗೆ ಹರಿತವಾಗುತ್ತದೆ. ಹಸಿವಿಲ್ಲದಿದ್ದರೂ ಇಲಿ ಬಾಗಿಲು, ಚೀಲಗಳನ್ನು ಕಡಿಯುವುದು ಇದರಿಂದಲೇ. ಮೂತಿ ಉದ್ದವಾದ, ವಾಸನೆ ಬೀರುವ ಸೊಂಡಿಲಿ ಮಾತ್ರ ಈ ಗುಂಪಿನದಲ್ಲ. ಅದು ಜಿರಲೆ, ಹುಳುಗಳನ್ನು ತಿನ್ನುವ ಪ್ರಾಣಿ. ಇಲಿಯೆಂದು ತಿಳಿದು ಅದನ್ನು ಹೊಡೆಯಬೇಡಿ.

ಎರಡನೆಯದು ಸಂತಾನ. ನಾನು ಬ್ಯಾಂಕಿನಲ್ಲಿ ಲೆಡ್ಜರು ಬರೆದವನು. ಆ ಲೆಕ್ಕದಲ್ಲೇ ಹೇಳುತ್ತೇನೆ. ಹೆಗ್ಗಣದ ಬಸಿರು ಸುಮಾರು ಮೂರು ವಾರ. ಮರಿಗಳು ಹುಟ್ಟುವಾಗ ಕುರುಡು, ಮೈಮೇಲೆ ಕೂದಲಿಲ್ಲ. ಆದರೂ ಸುಮಾರು ಮೂರು ತಿಂಗಳಿಗೆ ಅವೇ ಮರಿ ಹಾಕುವಷ್ಟಾಗುತ್ತವೆ. ಲೆಕ್ಕಕ್ಕೆ ಒಂದು ಜೋಡಿ ಮೂರು ತಿಂಗಳಿಗೊಮ್ಮೆ ಆರು ಮರಿ ಹಾಕುತ್ತದೆ, ಅರ್ಧ ಗಂಡು, ಅರ್ಧ ಹೆಣ್ಣು ಎಂದಿಟ್ಟುಕೊಳ್ಳಿ. ಎರಡು ಇದ್ದದ್ದು ಎಂಟಾಗುತ್ತದೆ, ಎಂಟು 32, 32 ಇದ್ದದ್ದು 128. ವರ್ಷ ತುಂಬಿದಾಗ 512! ಹಾವು, ಗೂಬೆ, ಹಸಿವು ಬಹಳಷ್ಟನ್ನು ಕಳೆಯುತ್ತವೆ, ನಿಜ. ಆದರೂ ಚಕ್ರಬಡ್ಡಿಯ ನೀತಿ ಇಲ್ಲಿಯೂ ಒಂದೇ: ಅಸಲು ಚಿಕ್ಕದಿರುವಾಗಲೇ ತೀರಿಸಬೇಕು. ಬೇಸಿಗೆಯಲ್ಲಿ ಹೊಲ ಬರಿದಾಗಿ, ತಿನ್ನಲು ಕಡಿಮೆಯಾಗಿ, ಇಲಿಗಳ ಸಂಖ್ಯೆ ಇಳಿದಿರುತ್ತದೆ. ಬಿತ್ತನೆಗೆ ಮುಂಚಿನ ಆ ಕಾಲವೇ ಸರಿಯಾದ ಕಾಲ.

ಎಲ್ಲ ದಂಶಕಗಳೂ ಹೀಗೇ ಎಂದಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಡೇಗು ಎಂಬ ಪ್ರಾಣಿಯಿದೆ. ಅದು ಹಗಲಿನಲ್ಲಿ ಓಡಾಡುತ್ತದೆ. ಬಸಿರು ಮೂರು ತಿಂಗಳು. ಮರಿಗಳು ಮೈತುಂಬ ಕೂದಲಿನೊಂದಿಗೆ ಹುಟ್ಟುತ್ತವೆ. ಕೆಲವು ತಾಯಂದಿರು ಒಂದೇ ಬಿಲದಲ್ಲಿದ್ದು ಪರಸ್ಪರರ ಮರಿಗಳಿಗೂ ಹಾಲೂಡುತ್ತವೆ. ಬಾಲ ಹಿಡಿದರೆ ಅದರ ಚರ್ಮ ಕಳಚಿ ಕೈಯಲ್ಲೇ ಉಳಿಯುತ್ತದೆ, ಡೇಗು ಪಾರಾಗುತ್ತದೆ. ಸಿಹಿ ತಿನ್ನಿಸಿದರೆ ಅದಕ್ಕೂ ನಮ್ಮಂತೆಯೇ ಸಕ್ಕರೆ ಕಾಯಿಲೆ ಬರುತ್ತದೆ!

ಇನ್ನು ನಮ್ಮ ಹೊಲಕ್ಕೆ ಬರೋಣ. ಬದುವಿನಲ್ಲಿ ಹೊಸ ಮಣ್ಣಿನ ಗುಡ್ಡೆ, ಮಣ್ಣಿನಿಂದ ಮುಚ್ಚಿದ ಬಾಯಿ ಕಂಡರೆ ಅದು ಹೆಗ್ಗಣದ ಬಿಲ. ಒಳಗೆ ಕಣಜವೇ ಇರುತ್ತದೆ; ಅಗೆದರೆ ನಿಮ್ಮದೇ ಕಾಯಿ, ತೆನೆ ಸಿಗುತ್ತದೆ. ಬಾಲದ ತುದಿಯಲ್ಲಿ ಕುಚ್ಚಿದ್ದು, ಹಿಂಗಾಲಿನಲ್ಲಿ ನೆಗೆಯುವ ದೊಡ್ಡ ಕಣ್ಣಿನ ಇಲಿ ಒಣ ಹೊಲದ್ದು. ಎರೆ ಭೂಮಿಯ ಬಿರುಕುಗಳಲ್ಲಿ, ಕಲ್ಲುಗುಡ್ಡೆಗಳಲ್ಲಿ ಇರುವುದು ಮೆತ್ತನೆ ಕೂದಲಿನ ಬೇರೆ ಇಲಿ. ಬದು ಅಗಲವಾದಷ್ಟೂ, ಕಳೆ ಬೆಳೆದಷ್ಟೂ ಇವುಗಳಿಗೆ ಅನುಕೂಲ.

ಇಲಿ ಬಹಳ ಅನುಮಾನದ ಪ್ರಾಣಿ. ಹೊಸ ವಸ್ತು ಕಂಡರೆ ಮೊದಲು ದೂರ ಸರಿಯುತ್ತದೆ. ಆಮೇಲೆ ಒಂದಿಷ್ಟೇ ಕಚ್ಚಿ ನೋಡುತ್ತದೆ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಈ ಎಚ್ಚರಿಕೆ. ತಿಂದು ಹೊಟ್ಟೆ ಕೆಟ್ಟು ಬದುಕಿ ಉಳಿದ ಇಲಿ ಆ ತಿಂಡಿಯನ್ನು ಮತ್ತೆ ಮುಟ್ಟುವುದಿಲ್ಲ. ಮೊದಲ ರಾತ್ರಿಯೇ ವಿಷವಿಟ್ಟರೆ ಕೆಲಸ ಕೆಡುವುದು ಇದಕ್ಕೇ. ವಿಷವಿಲ್ಲದ ಕಾಳನ್ನು ಎರಡು ಮೂರು ದಿನ ಇಟ್ಟು ರೂಢಿ ಮಾಡಿಸಬೇಕು. ಅದೂ ಒಬ್ಬರ ಹೊಲದಲ್ಲಿ ಮಾಡಿದರೆ ಪ್ರಯೋಜನವಿಲ್ಲ, ಪಕ್ಕದ ಹೊಲದವು ಬರುತ್ತವೆ. ಊರಿಗೆ ಊರೇ ಒಟ್ಟಾಗಿ, ಕೃಷಿ ಇಲಾಖೆಯವರನ್ನು ಕೇಳಿಯೇ ಮಾಡಬೇಕು. ಸಾಮಾನ್ಯವಾಗಿ ಬಳಸುವ ಜಿಂಕ್ ಫಾಸ್ಫೈಡ್ ಹೊಟ್ಟೆಗೆ ಹೋದರೆ ವಿಷಾನಿಲವಾಗುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಆ ಪೊಟ್ಟಣ ಅಡುಗೆಮನೆಯ ಗೂಡಿನಲ್ಲಿ, ಮಕ್ಕಳ ಕೈಗೆಟಕುವಂತೆ ಇರಲೇಬಾರದು. ಸತ್ತ ಇಲಿಗಳನ್ನು ಹೂಳಿರಿ.

ವಿಷಕ್ಕಿಂತ ಹಳೆಯ ಕಾವಲುಗಾರರು ಗೂಬೆ ಮತ್ತು ಕೇರೆಹಾವು. ಗೂಬೆ ಅಪಶಕುನವೆಂದು ಓಡಿಸುವವರು ಅದು ರಾತ್ರಿ ಏನು ತಿನ್ನುತ್ತದೆಂದು ಯೋಚಿಸಬೇಕು. ಹೊಲದಲ್ಲಿ ಅಡ್ಡಪಟ್ಟಿ ಕಟ್ಟಿದ ಗೂಟ ನೆಟ್ಟರೆ ಗೂಬೆ ಕೂತು ಬೇಟೆಯಾಡುತ್ತದೆ. ಖರ್ಚಿಲ್ಲ, ಭಯವಿಲ್ಲ. ವಿಷ ತಿಂದ ಇಲಿಯನ್ನು ನುಂಗಿ ಗೂಬೆಯೂ ಸಾಯಬಹುದು ಎಂಬುದೂ ನೆನಪಿರಲಿ.

ಕೊನೆಯದಾಗಿ ಆರೋಗ್ಯ. ಇಲಿಯ ಮೂತ್ರ ಬೆರೆತ ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಮಳೆಗಾಲದಲ್ಲಿ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಕಂಡರೆ ತಡಮಾಡದೆ ಡಾಕ್ಟರಲ್ಲಿ ಹೋಗಿ, ಕೆಸರಿನಲ್ಲಿ ಕೆಲಸ ಮಾಡಿದ್ದನ್ನೂ ಹೇಳಿ. ಬೇಗ ಹೋದರೆ ಔಷಧಿಯಿಂದ ವಾಸಿಯಾಗುತ್ತದೆ. 1898ರಲ್ಲಿ ಬೆಂಗಳೂರನ್ನು ನಡುಗಿಸಿದ ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಹರಡುವ ರೋಗ. ವಿಷವಿಡದೆ ಇಲಿಗಳು ಸಾಲಾಗಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿರಿ.

ಈ ಬೇಸಿಗೆಯಲ್ಲಿ ನಿಮ್ಮ ಬದುವಿನ ಬಿಲಗಳನ್ನು ಒಮ್ಮೆ ಎಣಿಸಿರಿ, ಪಕ್ಕದ ಹೊಲದವರಿಗೂ ಎಣಿಸಲು ಹೇಳಿರಿ.