ಆಂಧಿ ಮತ್ತು ಬನ್ನಿ: ಧೂಳಿನ ಬಿರುಗಾಳಿಯನ್ನು ಕುರಿತು

ನಮ್ಮ ಪ್ರಾಚೀನ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಸೇನೆಯ ನಡೆಯಿಂದ ಎದ್ದ ಧೂಳು ಸೂರ್ಯನನ್ನು ಮರೆಮಾಡುವುದು ರೂಢಿಗತವಾದ ಒಂದು ವರ್ಣನೆ. ಉತ್ತರ ಭಾರತದಲ್ಲಿ ನೆಲೆಸಿದ ಕನ್ನಡಿಗನಿಗೆ ಮೇ-ಜೂನ್ ತಿಂಗಳುಗಳಲ್ಲಿ ಅದು ಅತಿಶಯೋಕ್ತಿಯಾಗಿ ತೋರುವುದಿಲ್ಲ. ದಿಗಂತ ಕಂದುಬಣ್ಣಕ್ಕೆ ತಿರುಗಿದ ಕೆಲವೇ ನಿಮಿಷಗಳಲ್ಲಿ ಬೀದಿ, ಮರ, ಮನೆಗಳೆಲ್ಲ ಮಸುಕಾಗುತ್ತವೆ. ಅಲ್ಲಿನವರು ಇದನ್ನು 'ಆಂಧಿ' ಎನ್ನುತ್ತಾರೆ. ನಮ್ಮ 'ಸುಂಟರಗಾಳಿ' ಸುತ್ತುವ ಗಾಳಿ. 'ಬಿರುಗಾಳಿ'ಯಲ್ಲಿ ಧೂಳಿನ ಸೂಚನೆಯಿಲ್ಲ. ಆದ್ದರಿಂದ ಈ ಬರಹದಲ್ಲಿ 'ಆಂಧಿ' ಎಂಬ ಶಬ್ದವನ್ನೇ ಉಳಿಸಿಕೊಂಡಿದ್ದೇನೆ.

ಆಂಧಿಗೆ ಎರಡು ಕಾರಣಗಳು ಕೂಡಬೇಕು. ಒಂದು, ಬಲವಾದ ಗಾಳಿ. ಮುಂಗಾರಿಗೆ ಮುನ್ನ ಕಾದ ನೆಲದ ಮೇಲೆ ಗುಡುಗುಮೋಡಗಳು ಬೆಳೆದು, ಅವುಗಳಿಂದ ಕೆಳಗಿಳಿಯುವ ತಂಪುಗಾಳಿ ರಭಸದಿಂದ ಹರಡುತ್ತದೆ. ಇನ್ನೊಂದು, ಒಣಗಿ ಸಡಿಲವಾದ, ಹೊದಿಕೆಯಿಲ್ಲದ ಮಣ್ಣು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಪರಿಹಾರವನ್ನು ಕುರಿತ ಚಿಂತನೆ ಇಲ್ಲಿಂದಲೇ ತೊಡಗಬೇಕು.

ಇದರ ಹಾನಿ ಅಲ್ಪವಲ್ಲ. 2018ರ ಮೇ 2ರ ರಾತ್ರಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಬೀಸಿದ ಆಂಧಿ ಹಾಗೂ ಗುಡುಗುಮಳೆಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಅನೇಕರ ಮೇಲೆ ಗೋಡೆ, ಮರಗಳು ಕುಸಿದಿದ್ದವು. ಕಣ್ಣಿಗೆ ಕಾಣದ ಹಾನಿ ಇನ್ನೂ ವ್ಯಾಪಕವಾದದ್ದು. ದಪ್ಪ ಕಣಗಳು ಮೂಗು, ಗಂಟಲುಗಳಲ್ಲಿ ತಡೆದು ನಿಲ್ಲುತ್ತವೆ, 2.5 ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಉಬ್ಬಸ ಉಲ್ಬಣಿಸುತ್ತದೆ, ಕಣ್ಣು ಉರಿಯುತ್ತದೆ, ಹೃದ್ರೋಗಿಗಳಿಗೆ ಅಪಾಯ ಹೆಚ್ಚುತ್ತದೆ. ಮಕ್ಕಳು, ವೃದ್ಧರು, ಬಯಲಲ್ಲಿ ದುಡಿಯುವ ಕೂಲಿಕಾರರು ಇದಕ್ಕೆ ಮೊದಲು ತುತ್ತಾಗುತ್ತಾರೆ. ಹೊಲದ ಫಲವತ್ತಾದ ಮೇಲ್ಮಣ್ಣು ಹಾರಿಹೋಗುತ್ತದೆ. ಮರಳಿನ ಹೊಡೆತಕ್ಕೆ ಎಳೆಯ ಪೈರು ಜರ್ಜರಿತವಾಗುತ್ತದೆ. ಹಿಮಾಲಯದ ಹಿಮದ ಮೇಲೆ ಕುಳಿತ ಧೂಳು ಬಿಸಿಲನ್ನು ಹೀರಿ ಕರಗುವಿಕೆಯನ್ನು ತ್ವರಿತಗೊಳಿಸುತ್ತದೆ.

ಆಂಧಿಯ ಹೊತ್ತಿನಲ್ಲಿ ಕಿಟಕಿ-ಬಾಗಿಲು ಮುಚ್ಚಿ ಒಳಗಿರುವುದು, ಹೊರಗಿದ್ದರೆ ಮರ ಮತ್ತು ಜಾಹೀರಾತು ಫಲಕಗಳಿಂದ ದೂರ ಸರಿಯುವುದು, ಮೂಗು-ಬಾಯಿಗಳಿಗೆ ಒಳ್ಳೆಯ ಮುಖಗವಸು ಧರಿಸುವುದು, ಅನಂತರ ಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸುವುದು ಹಿತಕರ. ಆದರೆ ಇವು ತಾತ್ಕಾಲಿಕ ರಕ್ಷಣೆಗಳು. ಮೂಲ ಪರಿಹಾರವಿರುವುದು ನೆಲಕ್ಕೆ ಹೊದಿಕೆ ಒದಗಿಸುವುದರಲ್ಲಿ. 1959ರಿಂದ ಈಗಿನ ಸ್ವರೂಪದಲ್ಲಿ ಕೆಲಸ ಮಾಡುತ್ತಿರುವ ಜೋಧಪುರದ ಕೇಂದ್ರೀಯ ಶುಷ್ಕವಲಯ ಸಂಶೋಧನಾ ಸಂಸ್ಥೆಯು ಮರಳದಿಬ್ಬಗಳ ಮೇಲೆ ಒಣಕಂಟಿಗಳ ಸಾಲುಗಳನ್ನು ನೆಟ್ಟು, ಅವುಗಳ ಮರೆಯಲ್ಲಿ ಗಿಡ-ಹುಲ್ಲು ಬೆಳೆಸುವ ವಿಧಾನವನ್ನು ರೂಪಿಸಿದೆ. ಗಾಳಿಗೆ ಅಡ್ಡಲಾಗಿ ಮರಗಳ ಸಾಲು, ಕೊಯ್ಲಿನ ಬಳಿಕ ಹೊಲದಲ್ಲಿ ಕೂಳೆ ಉಳಿಸುವುದು, ಗೋಮಾಳಗಳ ರಕ್ಷಣೆ, ಅರಾವಳಿಯಲ್ಲಿ ಗಣಿಗಾರಿಕೆಯ ನಿಯಂತ್ರಣ, ನಗರದ ಕಟ್ಟಡ ಕಾಮಗಾರಿಗಳಲ್ಲಿ ಮಣ್ಣಿಗೆ ನೀರು ಮತ್ತು ಮುಸುಕು ಇವೆಲ್ಲ ಅಗತ್ಯ. ಆದರೆ ಯಾವ ಮರವಾದರೂ ಸರಿ ಎನ್ನುವಂತಿಲ್ಲ. ಮರಳನ್ನು ತಡೆಯಲೆಂದು ಹೊರದೇಶದಿಂದ ತಂದ ಬಳ್ಳಾರಿ ಜಾಲಿ ಇಂದು ದೇಶೀಯ ಸಸ್ಯಗಳನ್ನು ಒತ್ತರಿಸಿ ಹಬ್ಬಿರುವುದು ಕರ್ನಾಟಕದ ರೈತನಿಗೂ ತಿಳಿದ ಸಂಗತಿ.

ಥಾರ್ ಮರುಭೂಮಿಯ ಜನ ನೆಚ್ಚಿಕೊಂಡ ಮರ 'ಖೇಜಡಿ'. ಆಳಕ್ಕೆ ಬೇರಿಳಿಸಿ ಮಣ್ಣನ್ನು ಹಿಡಿದಿಡುವ, ಬರದಲ್ಲೂ ದನಕರುಗಳಿಗೆ ಮೇವು ನೀಡುವ ಈ ಮರವನ್ನು ಅಲ್ಲಿನ ರೈತರು ಹೊಲದ ನಡುವೆಯೇ ಉಳಿಸಿಕೊಂಡಿದ್ದಾರೆ. 1730ರಲ್ಲಿ ಜೋಧಪುರದ ಸಮೀಪದ ಖೇಜಡ್ಲಿಯಲ್ಲಿ ಇದನ್ನು ಕಡಿಯಲು ಬಂದ ಅರಸನ ಆಳುಗಳನ್ನು ತಡೆದು ಅಮೃತಾದೇವಿಯೇ ಮೊದಲಾದ 363 ಬಿಷ್ಣೋಯಿಗಳು ಪ್ರಾಣ ತೆತ್ತರೆಂದು ಪರಂಪರೆ ಹೇಳುತ್ತದೆ. ಆ ಖೇಜಡಿಯೇ ನಮ್ಮ ಬನ್ನಿ. ವಿಜಯದಶಮಿಯಂದು ನಾವು ಪೂಜಿಸಿ, ಎಲೆಗಳನ್ನು ಬಂಗಾರವೆಂದು ಹಂಚಿಕೊಳ್ಳುವ ಶಮೀವೃಕ್ಷ. ವರ್ಷಕ್ಕೊಂದು ದಿನ ಅದರ ಎಲೆಯನ್ನು ಬಂಗಾರವೆನ್ನುವ ನಾವು, ಅದು ಹಿಡಿದಿಟ್ಟ ಮಣ್ಣೂ ಬಂಗಾರವೆಂಬುದನ್ನು ಉಳಿದ ದಿನಗಳಲ್ಲಿ ಮರೆಯಬಾರದು.