ಮನೆಮಾತಿನ ಶ್ಲೇಷ

"ಮೆಟ್ಟಿಲು ಹತ್ತು" ಎಂದು ತಾಯಿ ಮಗುವಿಗೆ ಹೇಳುತ್ತಾಳೆ. "ಹತ್ತಲ್ಲ, ಹನ್ನೆರಡು" ಎಂದು ತಂದೆ ಒಳಗಿನಿಂದ ಕೂಗುತ್ತಾನೆ. ತಾಯಿ ಹಣೆ ಚಚ್ಚಿಕೊಳ್ಳುತ್ತಾಳೆ, "ಸಾಕು ಅಪ್ಪಾ, ನೂರು ಸಲ ಕೇಳಿಯಾಯಿತು" ಎಂದು ದೊಡ್ಡ ಮಗಳು ಗೊಣಗುತ್ತಾಳೆ, ನಗುವವನು ತಂದೆಯೊಬ್ಬನೇ. ಇಂತಹ ಹಾಸ್ಯವನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಇದನ್ನು ಹಳಸಲು ಹಾಸ್ಯವೆಂದು ನಾವು ತಳ್ಳಿಹಾಕುವುದುಂಟು. ಆದರೆ ಇದು ಹುಟ್ಟಬೇಕಾದರೆ ಮನಸ್ಸು ಎಷ್ಟು ಕೆಲಸವನ್ನು ಎಷ್ಟು ಶೀಘ್ರವಾಗಿ ಮಾಡಬೇಕಾಗುತ್ತದೆಂಬುದನ್ನು ವಿಚಾರಿಸಿದರೆ ಆಶ್ಚರ್ಯವಾಗದಿರದು.

ಒಂದೇ ಶಬ್ದದಿಂದ ಎರಡರ್ಥಗಳನ್ನು ಹೊರಡಿಸುವುದಕ್ಕೆ ನಮ್ಮ ಆಲಂಕಾರಿಕರು ಶ್ಲೇಷವೆಂದು ಹೆಸರಿಟ್ಟಿದ್ದಾರೆ. ಅದರಲ್ಲಿ ಎರಡು ಬಗೆ. ಶಬ್ದವನ್ನು ಒಡೆಯದೆಯೇ ಎರಡರ್ಥ ಬಂದರೆ ಅದು ಅಭಂಗ ಶ್ಲೇಷ. ಮೇಲೆ ಹೇಳಿದ 'ಹತ್ತು' ಈ ಜಾತಿಯದು. ಶಬ್ದವನ್ನು ಒಡೆದಾಗ ಎರಡನೆಯ ಅರ್ಥ ಬಂದರೆ ಅದು ಸಭಂಗ ಶ್ಲೇಷ. "ಹೋಳಿಗೆ ಏನು ಮಾಡಲಿ?" ಎಂದು ಗೃಹಿಣಿ ಕೇಳಿದಾಗ "ಹೋಳಿಗೆ ಹೋಳಿಗೆಯನ್ನೇ ಮಾಡು" ಎನ್ನುವ ಯಜಮಾನನು, ತನಗರಿವಿಲ್ಲದೆಯೇ ಹಬ್ಬದ ಹೆಸರನ್ನೂ 'ಗೆ' ಎಂಬ ವಿಭಕ್ತಿ ಪ್ರತ್ಯಯವನ್ನೂ ಬಿಡಿಸಿ ನೋಡಿರುತ್ತಾನೆ. ಕೈಲಾಸಂ (1884–1946) ಅವರ ಮಾತಿನಲ್ಲಿಯೂ, 1942ರಲ್ಲಿ ಆರಂಭವಾದ 'ಕೊರವಂಜಿ'ಯ ಪುಟಗಳಲ್ಲಿಯೂ ಮೆರೆದ ಚಮತ್ಕಾರಕ್ಕೆ ಅಡುಗೆಮನೆಯ ಈ ಚೇಷ್ಟೆಯು ಹತ್ತಿರದ ನಂಟು.

ಕನ್ನಡದಲ್ಲಿ ಶ್ಲೇಷವು ಇಷ್ಟು ಸುಲಭವಾಗಿ ಒದಗುವುದಕ್ಕೆ ವ್ಯಾಕರಣವೇ ಕಾರಣ. ನಮ್ಮಲ್ಲಿ ಏಕವಚನದ ಅಪ್ಪಣೆಗೆ ಯಾವ ಪ್ರತ್ಯಯವೂ ಬೇಡ. ಕ್ರಿಯಾಪದದ ಧಾತುವೇ ಸಾಕು. ಏಳು, ಆರು, ಹತ್ತು ಎಂಬವು ಸಂಖ್ಯೆಗಳೂ ಹೌದು, ಕ್ರಿಯೆಗಳೂ ಹೌದು. ಆಡು ಎಂದರೆ ಮೇಕೆ. ಆಟವಾಡೆಂಬ ಅಪ್ಪಣೆಯೂ ಅದೇ. ಅರಸು ಎಂದರೆ ದೊರೆ. ಹುಡುಕೆಂಬ ಅರ್ಥವೂ ಅದಕ್ಕುಂಟು. ಜೊತೆಗೆ, ಆಡುಮಾತಿನಲ್ಲಿ ಕರ್ಮಪದಕ್ಕೆ 'ಅನ್ನು' ಎಂಬ ಪ್ರತ್ಯಯವನ್ನು ಬಿಡಬಹುದು. ಕ್ರಿಯಾಪದವಿಲ್ಲದೆಯೂ ವಾಕ್ಯ ಪೂರ್ಣವಾಗಬಹುದು. ಆದುದರಿಂದಲೇ "ಮೆಟ್ಟಿಲು ಹತ್ತು" ಎಂಬುದು ಒಂದಕ್ಷರವೂ ಕದಲದೆ ಅಪ್ಪಣೆಯೂ ಆಗುತ್ತದೆ, ಲೆಕ್ಕವೂ ಆಗುತ್ತದೆ. ಹಿರಿಯರಿಗೆ "ಏಳಿರಿ, ಹತ್ತಿರಿ" ಎಂದೊಡನೆ ಈ ಸೌಲಭ್ಯವು ತಪ್ಪಿಹೋಗುತ್ತದೆ. ಬೆಳಗ್ಗೆ "ಏಳು, ಏಳು" ಎಂದು ಎಬ್ಬಿಸಿಕೊಳ್ಳುವ ಮಗನಿಗೆ "ಏಳೇಳ್ಲ ನಲವತ್ತೊಂಬತ್ತು" ಎಂಬ ಮಗ್ಗಿಯು ತಪ್ಪದು. ಅಜ್ಜಿಯು ಮಾತ್ರ ಇದರಿಂದ ಪಾರಾಗುತ್ತಾಳೆ.

ಕಾಲಗತಿಯಲ್ಲಿ ಧ್ವನಿಗಳು ಬೆರೆತುಹೋದುದರಿಂದಲೂ ಶ್ಲೇಷಗಳು ಹುಟ್ಟಿವೆ. ಲೆಕ್ಕದಲ್ಲಿ 'ಕಳೆ' ಎನ್ನುವ ಮಾತು ಹಳಗನ್ನಡದಲ್ಲಿ 'ಕೞೆ' ಎಂದಿತ್ತು. ಹೊಲದ ಕಳೆಗೆ 'ಳ'ಕಾರವೇ ಇತ್ತು. 'ೞ' ಎಂಬ ಅಕ್ಷರವು ಬಳಕೆ ತಪ್ಪಿ 'ಳ'ದಲ್ಲಿ ಸೇರಿದ ಮೇಲೆ ಎರಡೂ ಒಂದಾದವು. ಹಳಗನ್ನಡದ ತಂದೆಗೆ ದೊರೆಯದ ಹಾಸ್ಯವು ಇಂದಿನ ತಂದೆಗೆ ಹೀಗೆ ದೊರೆತಿದೆ.

ಇನ್ನು ಮನಸ್ಸಿನ ಕಡೆಗೆ ತಿರುಗೋಣ. ಎರಡರ್ಥದ ಶಬ್ದವೊಂದು ಕಿವಿಗೆ ಬಿದ್ದಾಗ, ಸಂದರ್ಭಕ್ಕೆ ಒಪ್ಪುವ ಅರ್ಥವೊಂದೇ ಹೊಳೆಯುತ್ತದೆಂದು ನಾವು ಭಾವಿಸುತ್ತೇವೆ. ಇದು ನಿಜವಲ್ಲವೆಂದು 1979ರಲ್ಲಿ ಅಮೆರಿಕದ ಡೇವಿಡ್ ಸ್ವಿನ್ನಿ ಎಂಬ ಮನೋವಿಜ್ಞಾನಿಯು ತೋರಿಸಿದನು. ಅವನು ಕೇಳುಗರಿಗೆ ಒಂದು ಪ್ರಸಂಗವನ್ನು ಕೇಳಿಸಿದನು. ಕೋಣೆಯ ಮೂಲೆಯಲ್ಲಿ ಜೇಡ, ಜಿರಲೆ ಮುಂತಾದ 'ಬಗ್ಸ್' ಇದ್ದವೆಂಬ ಮಾತು ಅದರಲ್ಲಿತ್ತು. ಇಂಗ್ಲಿಷಿನ ಆ ಶಬ್ದಕ್ಕೆ ಹುಳುಗಳೆಂದೂ ಕದ್ದು ಕೇಳುವ ಯಂತ್ರಗಳೆಂದೂ ಎರಡರ್ಥ. ಶಬ್ದವು ಕಿವಿಗೆ ಬಿದ್ದ ಕ್ಷಣದಲ್ಲಿಯೇ ಎದುರಿನ ತೆರೆಯ ಮೇಲೆ ಅಕ್ಷರಗಳ ಗುಂಪೊಂದು ಮೂಡುತ್ತಿತ್ತು. ಅದು ನಿಜವಾದ ಪದವೋ ಅಲ್ಲವೋ ಎಂಬುದನ್ನು ಕೇಳುಗನು ಬೇಗನೆ ತಿಳಿಸಬೇಕಾಗಿತ್ತು. ಸಂಬಂಧವಿಲ್ಲದ ಪದಕ್ಕಿಂತ, ಇರುವೆ ಎಂಬರ್ಥದ ಪದವನ್ನು ಕೇಳುಗರು ಬೇಗ ಗುರುತಿಸಿದರು, ಅದು ಸಹಜವೇ. ಆದರೆ ಗೂಢಚಾರನೆಂಬ ಅರ್ಥದ ಪದವನ್ನೂ ಅಷ್ಟೇ ಬೇಗ ಗುರುತಿಸಿದರು! ಅದೇ ಪದವನ್ನು ಮೂರು ಉಚ್ಚಾರಾಂಶಗಳಷ್ಟು ತಡವಾಗಿ ತೋರಿಸಿದಾಗ ಇರುವೆಗೆ ಮಾತ್ರ ಆ ಅನುಕೂಲ ಉಳಿಯಿತು. ಎಂದರೆ, ಮನಸ್ಸು ಮೊದಲು ಎರಡರ್ಥಗಳನ್ನೂ ಹೊರತೆಗೆದು, ಸುಮಾರು ಒಂದು ಸೆಕೆಂಡಿನೊಳಗೆ ಬೇಡವಾದುದನ್ನು ನಮಗೆ ತಿಳಿಸದೆಯೇ ಬದಿಗಿಡುತ್ತದೆ.

ಶ್ಲೇಷಗಾರನು ಮಾಡುವ ಕೆಲಸವೆಂದರೆ, ಹೀಗೆ ಬದಿಗಿಟ್ಟ ಅರ್ಥವನ್ನು ಮತ್ತೆ ಮುಂದಕ್ಕೆ ತರುವುದು. 2001ರಲ್ಲಿ ವಿನೋದ್ ಗೋಯಲ್ (ಹೆಸರೇ ವಿನೋದ!) ಮತ್ತು ರೇಮಂಡ್ ಡೋಲನ್ ಎಂಬ ವಿಜ್ಞಾನಿಗಳು, ಹಾಸ್ಯವನ್ನು ಕೇಳುವವರ ಮಿದುಳನ್ನು ಎಂ.ಆರ್.ಐ. ಯಂತ್ರದಿಂದ ಪರೀಕ್ಷಿಸಿದರು. ಅರ್ಥವನ್ನವಲಂಬಿಸಿದ ಹಾಸ್ಯಕ್ಕೆ ಮಿದುಳಿನ ಎರಡು ಪಾರ್ಶ್ವಗಳ ಭಾಗಗಳೂ ಚುರುಕಾದವು. ಶಬ್ದಶ್ಲೇಷಕ್ಕೆ ಎಡಪಾರ್ಶ್ವದಲ್ಲಿ ಮಾತಿನ ಉತ್ಪತ್ತಿಗೆ ಸಂಬಂಧಿಸಿದ ಭಾಗಗಳು ಚುರುಕಾದವು. ನಗೆಯ ಸಂತೋಷಕ್ಕೆ ಸಂಬಂಧಿಸಿದ ಸ್ಥಾನವು ಬೇರೆಯೇ. ಹಾಸ್ಯವು ಅರ್ಥವಾಗುವುದೂ ಅದರಿಂದ ನಗು ಬರುವುದೂ ಒಂದೇ ಅಲ್ಲವೆಂದಾಯಿತು. ತಂದೆಯ ಹಾಸ್ಯವು ಚೆನ್ನಾಗಿ ಅರ್ಥವಾದರೂ ನಗು ಬಾರದಿರುವ ಅನುಭವವು ವಾಚಕರಿಗೆ ಹೊಸದೇನಲ್ಲ. ಹೋಳಿಗೆಯ ಮಾತಿನಲ್ಲಿ ಎರಡರ್ಥಗಳೂ ಸಂದರ್ಭಕ್ಕೆ ಒಪ್ಪುವುದರಿಂದ ಅದು ರುಚಿಸುತ್ತದೆ. ಮಗ್ಗಿಗೂ ನಿದ್ದೆಗೂ ಸಂಬಂಧವಿಲ್ಲವಾದುದರಿಂದ ಎರಡನೆಯದು ಗೊಣಗಾಟಕ್ಕೆ ಗುರಿಯಾಗುತ್ತದೆ.

ಚಿಕ್ಕ ಮಕ್ಕಳಿಗೆ ಈ ಗೊಣಗಾಟವೂ ಸಾಧ್ಯವಿಲ್ಲ. ಶಬ್ದವೇ ಬೇರೆ, ಅದು ಸೂಚಿಸುವ ವಸ್ತುವೇ ಬೇರೆ ಎಂಬ ತಿಳಿವಳಿಕೆಯು ಹೆಚ್ಚಿನ ಮಕ್ಕಳಲ್ಲಿ ಆರರಿಂದ ಎಂಟು ವರ್ಷಗಳ ನಡುವೆ ಬಲಿಯುತ್ತದೆ. ಅದಕ್ಕೆ ಮುಂಚೆ "ಹತ್ತಲ್ಲ, ಹನ್ನೆರಡು" ಎಂದರೆ ಮಗು ಮೆಟ್ಟಿಲನ್ನು ಎಣಿಸೀತೇ ಹೊರತು ನಗಲಾರದು. ತಂದೆಯ ಪುನರಾವೃತ್ತಿಯು ದೊಡ್ಡವರಿಗೆ ಬೇಸರವಾದರೂ, ಭಾಷೆಯನ್ನೇ ತಿರುಗಿಸಿ ನೋಡುವ ಅಭ್ಯಾಸವನ್ನು ಮಗುವಿಗೆ ಒದಗಿಸುತ್ತದೆ.

ಆದರೆ ಎರಡರ್ಥಗಳೂ ಮನೆಯಲ್ಲಿ ಬಳಕೆಯಲ್ಲಿದ್ದರೆ ಮಾತ್ರ ಶ್ಲೇಷ ಬದುಕೀತು. "ದೇವರಾಣೆ, ನಾನು ತಿನ್ನಲಿಲ್ಲ" ಎಂದ ಮಗನಿಗೆ "ಎಷ್ಟಾಣೆ? ಹದಿನಾರಾದರೆ ರೂಪಾಯಿ" ಎಂದು ಹಿಂದೆ ಹೇಳಬಹುದಾಗಿತ್ತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬಂದವು, ಆಣೆಯು ಮರೆಯಾಯಿತು, ಹಾಸ್ಯವೂ ಅದರೊಡನೆ ಹೋಯಿತು. ಇಂದು ನಗರಗಳಲ್ಲಿಯೂ ಪರದೇಶಗಳಲ್ಲಿಯೂ ಎಷ್ಟೋ ಕನ್ನಡ ಮಕ್ಕಳು ಎಣಿಸುವುದು 'ಒನ್, ಟೂ' ಎಂದೇ. 'ಹತ್ತು' ಎಂದರೆ ಏರುವುದೆಂದಷ್ಟೇ ಬಲ್ಲ ಮಗುವಿಗೆ, ತಂದೆಯ ಮಾತು ಹಳಸಲೂ ಅಲ್ಲ, ಹಾಸ್ಯವೂ ಅಲ್ಲ, ಬರಿಯ ಒಗಟು.

ವಾಚಕರು ಒಂದು ಸಣ್ಣ ಪರೀಕ್ಷೆಯನ್ನು ಮಾಡಿನೋಡಬಹುದು. ಐದು, ಏಳು, ಹತ್ತು ವರ್ಷಗಳ ಮೂವರು ಮಕ್ಕಳಿಗೆ ಮೆಟ್ಟಿಲಿನ ಹಾಸ್ಯವನ್ನು ಹೇಳಿ, ಅದರಲ್ಲಿ ನಗುವಂಥದೇನಿದೆಯೆಂದು ಕೇಳಿರಿ. ನಕ್ಕವರನ್ನು ಎಣಿಸಬೇಡಿರಿ, ಕಾರಣವನ್ನು ವಿವರಿಸಬಲ್ಲವರನ್ನು ಎಣಿಸಿರಿ. ಯಾರಿಗೂ ವಿವರಿಸಲಾಗದಿದ್ದರೆ, ಮೊದಲು ಅವರೊಡನೆ ಕನ್ನಡದಲ್ಲಿ ಮೆಟ್ಟಿಲುಗಳನ್ನು ಎಣಿಸುವುದು ಒಳ್ಳೆಯದು.