ಮುಖವಲ್ಲ, ಪಕ್ಕೆ

ಮುಂಬಯಿಯಲ್ಲಿ ಚಿರತೆಯ ಫೋಟೋ ಸಿಕ್ಕಿತೆಂದರೆ ಅದು ಗೋರೆಗಾಂವ್‌ನಿಂದ ಠಾಣೆಯವರೆಗೆ ಮೊಬೈಲಿನಿಂದ ಮೊಬೈಲಿಗೆ ಹಾರಲು ಹೆಚ್ಚು ಹೊತ್ತು ಬೇಡ. ಎಲ್ಲರೂ ಮೆಚ್ಚುವುದು ನಮ್ಮನ್ನೇ ದಿಟ್ಟಿಸುವ ಮುಖವನ್ನು, ಹೊಳೆಯುವ ಕಣ್ಣನ್ನು, ಹಿಂದಿನ ಬಹುಮಹಡಿ ಕಟ್ಟಡಗಳ ದೀಪಸಾಲನ್ನು. ಆದರೆ ‘ಚಿರತೆ ಸರಿ, ಯಾವ ಚಿರತೆ?’ ಎಂದು ಕೇಳುವವರಿಗೆ ಅಂಥ ಚಿತ್ರದಿಂದ ದಕ್ಕುವುದು ಅಷ್ಟಕ್ಕಷ್ಟೆ. ಅವರಿಗೆ ಬೇಕಾದದ್ದು ಪಕ್ಕೆ. ಬಾಲ ಚೌಕಟ್ಟಿನಾಚೆ ಉಳಿದಿದ್ದರೂ ಅಡ್ಡಿಯಿಲ್ಲ, ಭುಜದಿಂದ ತೊಡೆಯವರೆಗಿನ ಮಚ್ಚೆಗಳ ಆಕಾರ ಕಾಣಬೇಕು.

ಮಚ್ಚೆಯೆಂದರೆ ನಮ್ಮ ಬೆರಳಚ್ಚಿನ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ. ಸಾಲದ್ದಕ್ಕೆ ಒಂದೇ ಪ್ರಾಣಿಯ ಎಡಪಕ್ಕೆಯ ಚಿತ್ತಾರವೇ ಬೇರೆ, ಬಲಪಕ್ಕೆಯದೇ ಬೇರೆ. ಕಾಡುದಾರಿಯ ಎರಡೂ ಬದಿಗೆ ಎದುರುಬದುರಾಗಿ, ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟುವುದು ಇದಕ್ಕೇ. ಹೋಲಿಸುವವರು ತೊಡೆಯ ಮೇಲೊಂದು ಬಾಯ್ದೆರೆದ ಉಂಗುರ, ಅದರ ಕೆಳಗೆ ಅಂಟಿಕೊಂಡ ಎರಡು ಚುಕ್ಕೆ, ಇಂಥ ಎರಡು ಮೂರು ಗುರುತು ಹಿಡಿದು ಹಳೆಯ ಚಿತ್ರಗಳಲ್ಲಿ ಹುಡುಕುತ್ತಾರೆ. ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲಿ ಪಟ್ಟೆ ಹೋಲಿಸಿ ಹುಲಿಗಳನ್ನು ಲೆಕ್ಕಹಾಕುವ ಕ್ರಮವನ್ನು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ರೂಢಿಗೆ ತಂದವರು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತ. ಅದೇ ದಾರಿಯಲ್ಲಿ, ಮುಂಬಯಿಯ ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಮತ್ತು ಅದರ ಸುತ್ತ 2015ರಲ್ಲಿ ಸಂಶೋಧಕ ನಿಕಿತ್ ಸುರ್ವೆ ನಡೆಸಿದ ಅಧ್ಯಯನದಲ್ಲಿ 35 ಚಿರತೆಗಳು ಗುರುತಿಗೆ ಸಿಕ್ಕವು. ಹೋಲಿಕೆ ತಪ್ಪಿದರೆ ಒಂದೇ ಚಿರತೆ ಎರಡಾಗುತ್ತದೆ, ಇಲ್ಲವೆ ಎರಡು ಒಂದಾಗುತ್ತವೆ. ಲೆಕ್ಕ ಅಲ್ಲೇ ಕೆಡುತ್ತದೆ.

ಹವ್ಯಾಸಿಗಳ ಫೋಟೋ ನೆಚ್ಚಿಕೊಂಡು ಇಷ್ಟು ಸೂಕ್ಷ್ಮದ ಕೆಲಸ ಆದೀತೇ ಎಂಬ ಆಕ್ಷೇಪವಿದೆ. ಅರ್ಧ ಒಪ್ಪಬೇಕಾದ ಮಾತು. ವಾಟ್ಸ್ಆ್ಯಪ್ ಫೋಟೋವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಅದರೊಳಗಿನ ತಾರೀಕನ್ನೂ ಕಳಚಿಹಾಕುತ್ತದೆ. ಹಾಗಾಗಿಯೇ ಎಂದಿನದೋ ಎಲ್ಲಿಯದೋ ಚಿರತೆ ‘ನಿನ್ನೆ ರಾತ್ರಿ ನಮ್ಮ ಸೊಸೈಟಿಯಲ್ಲಿ’ ಎಂದು ಸುಲಭವಾಗಿ ಓಡಾಡಬಲ್ಲದು. ಆದರೂ ಬಾಯಿಮಾತಿನ ಚಿರತೆಯನ್ನು ಯಾರೂ ತಿದ್ದಲಾರರು. ಫೋಟೋದ ಚಿರತೆಯನ್ನು ‘ಇದು ಕಾಡುಬೆಕ್ಕು’ ಎಂದು ಬಲ್ಲವರು ತಿದ್ದಬಹುದು. ತಿದ್ದದೆ ಬಿಟ್ಟರೆ ಕೇಳಿಬರುವ ಕೂಗು ಬೋನಿಡಿ ಎಂಬುದು. 2021ರ ಮಳೆಗಾಲದ ಕೊನೆಯಲ್ಲಿ, ಉದ್ಯಾನದ ಪಕ್ಕದ ಆರೆ ಕಾಲೊನಿಯಲ್ಲಿ ಜನರ ಮೇಲೆ ದಾಳಿಗಳಾದಾಗ ಅರಣ್ಯ ಇಲಾಖೆ ಕ್ಯಾಮೆರಾಗಳ ಮೊರೆಹೋದದ್ದು ಸುಮ್ಮನೆ ಅಲ್ಲ. ಆಡಿನ ಆಸೆಗೆ ಬೋನಿಗೆ ಬಿದ್ದದ್ದೇ ದಾಳಿ ಮಾಡಿದ ಚಿರತೆ ಎಂದೇನಿಲ್ಲ. ತಪ್ಪಾದ ಪ್ರಾಣಿಯನ್ನು ಒಯ್ದರೆ ಊರಿಗೂ ನೆಮ್ಮದಿಯಿಲ್ಲ, ಅದಕ್ಕೂ ನೆಲೆಯಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಫೋಟೋ ಹಂಚಿದರೆ ಮರುಸಂಜೆ ಅಲ್ಲಿ ಬೈಕುಗಳ ಜಾತ್ರೆ. ಜನರು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ತಾಣ ಚಿರತೆಯಂಥ ಅಪಾಯದಂಚಿನ ಪ್ರಾಣಿಗಳ ಜಾಗವನ್ನು ತಾನಾಗಿ ಮಸುಕುಗೊಳಿಸುತ್ತದೆ; ಅದು ಎಳೆಯುವ ಚೌಕದ ಒಂದೊಂದು ಬದಿ 20 ಕಿಲೋಮೀಟರಿಗೂ ಹೆಚ್ಚು, ಉದ್ಯಾನದ ನಾಲ್ಕು ಪಟ್ಟು ವಿಸ್ತಾರ. ಆದರೆ ತಂತ್ರಾಂಶ ಮರೆಮಾಡಿದ್ದನ್ನು ಹಿನ್ನೆಲೆಯ ಒಂದು ಬಸ್ ಸ್ಟಾಪು ಬಯಲುಮಾಡೀತು. ಆರೆಯವರಿಗೆ ಅಷ್ಟು ಸಾಕು, ಕಾಲೊನಿಯ ಯಾವ ಯುನಿಟ್ ಎಂದು ಹೇಳಿಬಿಡುತ್ತಾರೆ. ಹೀಗಾಗಿ ಒಂದೇ ಚಿತ್ರಕ್ಕೆ ಎರಡು ವಿಳಾಸ ಇರುವುದು ಒಳ್ಳೆಯದು. ಕತ್ತರಿಸದ ಮೂಲ ಫೈಲು, ತಾರೀಕು, ಜಾಗದ ಸಮೇತ ಅರಣ್ಯ ಕಚೇರಿಗೋ ಅಧ್ಯಯನ ಮಾಡುವವರಿಗೋ ಹೋಗಲಿ. ಗುಂಪಿಗೆ, ಕೆಲವು ದಿನ ತಡೆದು, ಹಿನ್ನೆಲೆ ಕತ್ತರಿಸಿದ ಆ ಮುಖ ಸಾಕು.